ಚರ್ಚಿಗೆ ಹೋಗೋರಿಗೆ ವಲಸಿಗರನ್ನ ಕಂಡ್ರೆ ಆಗಲ್ವಾ?

ನಮ್ಮಕ್ಕನ ಮಗಳು ಅಮೆರಿಕದಲ್ಲಿ ಮಾಸ್ಟರ್ಸ್ ಮಾಡ್ತಿದಾಳೆ, ಕಂಪ್ಯೂಟರ್ ಸೈನ್ಸ್ ಅಲ್ಲ, ಸೋಷಿಯಾಲಜಿ, ಅದಕ್ಕೆ ಮನೇಲಿ ನಡೆದ ರಾಮಾಯಣ ಇಲ್ಲಿ ಬೇಡ. ಫೋನ್ ಮಾಡಿ ಟರ್ಮ್ ಪೇಪರ್ ವಿಷಯ ಹೇಳಿದ್ಲು: ಧರ್ಮ, ರಾಜಕೀಯ ಎರಡೂ ಸೇರಿ ಅಮೆರಿಕದವರು ವಲಸಿಗರನ್ನ ನೋಡೋ ರೀತೀನ ಹೇಗೆ ತಿದ್ದುತ್ತವೆ ಅಂತ. "ಉತ್ತರ ಗೊತ್ತಿರೋದೇ ಮಾಮ, ಭಕ್ತಿ ಜಾಸ್ತಿ ಇದ್ರೆ ವಿರೋಧ ಜಾಸ್ತಿ, ಎರಡು ಟೇಬಲ್ ಹಾಕಿ ಮುಗಿಸ್ತೀನಿ" ಅಂದ್ಲು. ನಾನು ಮಾರ್ಕೆಟ್ ರಿಸರ್ಚ್ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡ್ಕೊಂಡವನು, ಯಾರಾದ್ರೂ ಎರಡು ಟೇಬಲ್ಲಲ್ಲಿ ಮುಗಿಯುತ್ತೆ ಅಂದ್ರೆ ನಂಗೆ ಆಗಿಬರಲ್ಲ. ಹಂಗಾಗಿ ಆಮೇಲೆ ಎರಡು ವಾರ ಅವಳು ಅಲ್ಲಿ ರಾತ್ರಿ, ನಾನು ಇಲ್ಲಿ ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಕೂತು ಹರಟಿದ್ದನ್ನೇ ಇಲ್ಲಿ ಬರೀತಿದೀನಿ.

ಮೊದಲು ಅವಳ ಕಡೆಯ ವಾದ, ಯಾಕಂದ್ರೆ ಅದರಲ್ಲೂ ಹುರುಳಿದೆ. ಪ್ಯೂ ರಿಸರ್ಚ್ ಸೆಂಟರ್ ಅಂತ ಒಂದು ಸಂಸ್ಥೆ ಇದೆ, 2018ರಲ್ಲಿ ಅವರು ಒಂದು ನೇರ ಪ್ರಶ್ನೆ ಕೇಳಿದ್ರು, ನಿರಾಶ್ರಿತರನ್ನ ಒಳಗೆ ಬಿಟ್ಕೊಳ್ಳೋ ಜವಾಬ್ದಾರಿ ಅಮೆರಿಕಕ್ಕೆ ಇದೆಯೋ ಇಲ್ಲವೋ. ಒಟ್ಟು ಜನರಲ್ಲಿ ಶೇ. 51 ಇದೆ ಅಂದ್ರು. ಬಿಳಿಯ ಎವಾಂಜೆಲಿಕಲ್ ಪ್ರೊಟೆಸ್ಟೆಂಟರಲ್ಲಿ ಇದೆ ಅಂದವರು ಶೇ. 25, ಇಲ್ಲ ಅಂದವರು ಶೇ. 68. ಯಾವ ಧರ್ಮಕ್ಕೂ ಸೇರಿಲ್ಲ ಅನ್ನೋರಲ್ಲಿ ಇದೆ ಅಂದವರು ಶೇ. 65. ಎವಾಂಜೆಲಿಕಲ್ ಅಂದ್ರೆ ಬೈಬಲ್ಲೇ ಅಂತಿಮ, ಯೇಸುವನ್ನ ಒಪ್ಕೊಂಡು ನಾನು ಮತ್ತೆ ಹುಟ್ಟಿದೆ ಅಂತ ಹೇಳ್ಕೊಳ್ಳೋ ಪಂಗಡದವರು, ಬಿಳಿಯರಲ್ಲಿ ಇವರು ರಿಪಬ್ಲಿಕನ್ ಪಾರ್ಟಿಯ ಬೆನ್ನೆಲುಬು, 2016ರಲ್ಲಿ ಹತ್ತರಲ್ಲಿ ಎಂಟು ಜನ ಟ್ರಂಪ್‌ಗೆ ವೋಟ್ ಹಾಕಿದೋರು. ಇಷ್ಟು ನೋಡಿದ್ರೆ ಟೇಬಲ್ ಮುಗೀತು ಅಂತಲೇ ಅನ್ಸುತ್ತೆ.

ಆದ್ರೆ ಅದೇ ಸರ್ವೇಲಿ ಇನ್ನೊಂದು ಸಾಲಿದೆ, ಅದನ್ನ ಅವಳು ಓದಿರಲಿಲ್ಲ. ಕರಿಯ ಪ್ರೊಟೆಸ್ಟೆಂಟರಲ್ಲಿ ಜವಾಬ್ದಾರಿ ಇದೆ ಅಂದವರು ಶೇ. 63. ಇವರೂ ಅದೇ ಬೈಬಲ್ ಓದೋರು, ಇವರಲ್ಲೂ ಎಷ್ಟೋ ಜನ ಮತ್ತೆ ಹುಟ್ಟಿದೆ ಅನ್ನೋರೇ, ಪ್ರಾರ್ಥನೆ, ಚರ್ಚು ಅಂತ ಬಂದ್ರೆ ಬಿಳಿಯರಿಗಿಂತ ಒಂದು ಕೈ ಮೇಲೆ. ಭಕ್ತಿಯೇ ಕಾರಣ ಆಗಿದ್ರೆ ಇವರ ಉತ್ತರ ಹೋಗಿ ಯಾವ ಧರ್ಮಕ್ಕೂ ಸೇರದವರ ಪಕ್ಕ ಯಾಕೆ ಕೂರ್ತಿತ್ತು? ಅಲ್ಲಿಗೆ ಅವಳ ಮೊದಲನೇ ಟೇಬಲ್ ಬಿದ್ದೋಯ್ತು.

ಗ್ರಂಥದಲ್ಲಿ ಏನಿದೆ ನೋಡೋಣ ಅಂದ್ರೆ ಅದೂ ಕೈ ಕೊಡುತ್ತೆ. ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ನಿಮ್ಮ ನಾಡಲ್ಲಿರೋ ಪರದೇಶಿಯನ್ನ ನಿಮ್ಮವನ ಹಾಗೇ ನೋಡ್ಕೊಳ್ಳಿ, ನೀವೂ ಈಜಿಪ್ಟಲ್ಲಿ ಪರದೇಶಿಗಳಾಗಿದ್ರಿ ಅಂತಿದೆ. ಮತ್ತಾಯನ 25ರಲ್ಲಿ ಯೇಸು, ನಾನು ಪರದೇಶಿಯಾಗಿದ್ದೆ, ನೀವು ನನ್ನನ್ನ ಸೇರಿಸ್ಕೊಂಡ್ರಿ ಅಂತಾನೆ. ಇನ್ನೊಂದು ಕಡೆ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಇದೆ, ಅಧಿಕಾರದಲ್ಲಿರೋರನ್ನ ದೇವರೇ ನೇಮಿಸಿದಾನೆ, ಅವರ ಮಾತು ಕೇಳಿ ಅಂತ. 2018ರ ಜೂನಲ್ಲಿ ಗಡೀಲಿ ಅಪ್ಪ ಅಮ್ಮನಿಂದ ಮಕ್ಕಳನ್ನ ಬೇರೆ ಮಾಡ್ತಿದ್ದಾಗ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಇಂಡಿಯಾನಾದ ಫೋರ್ಟ್ ವೇನಲ್ಲಿ ನಿಂತು ಇದೇ 13ನೇ ಅಧ್ಯಾಯ ತೋರಿಸಿದ್ರು. ಅವರು ಮೆಥಡಿಸ್ಟ್ ಚರ್ಚಿನವರು, ಅದೇ ಚರ್ಚಿನ 600ಕ್ಕೂ ಹೆಚ್ಚು ಜನ ಸೇರಿ ಸ್ವಂತ ಸದಸ್ಯನ ಮೇಲೇ ಚರ್ಚಿಗೆ ದೂರು ಕೊಟ್ರು. ಇಬ್ಬರ ಕೈಲೂ ಒಂದೇ ಪುಸ್ತಕ, ಯಾವ ಪುಟ ತೆಗೀತಾರೆ ಅನ್ನೋದಷ್ಟೇ ಬೇರೆ.

ಹಾಗಾದ್ರೆ ಯಾವ ಪುಟ ತೆಗೀಬೇಕು ಅಂತ ಹೇಳ್ಕೊಡೋದು ಯಾರು? ಪಾದ್ರಿ ಅಂತ ನಾವು ಅಂದ್ಕೋತೀವಿ. ಸದರ್ನ್ ಬ್ಯಾಪ್ಟಿಸ್ಟರು ಅಂದ್ರೆ ಎವಾಂಜೆಲಿಕಲ್ಲರಲ್ಲೇ ಒಂದು ದೊಡ್ಡ ಪಂಗಡ, ಲೈಫ್‌ವೇ ರಿಸರ್ಚ್ ಅಂತ ಅವರಿಗೇ ಸೇರಿದ ಸಂಸ್ಥೆ 2015ರಲ್ಲಿ ಎವಾಂಜೆಲಿಕಲ್ಲರನ್ನೇ ಕೇಳ್ತು, ವಲಸೆ ಬಗ್ಗೆ ನಿಮ್ಮ ಅಭಿಪ್ರಾಯಕ್ಕೆ ಎಲ್ಲಕ್ಕಿಂತ ಜಾಸ್ತಿ ಪ್ರಭಾವ ಯಾವುದು ಅಂತ. ಬೈಬಲ್ ಅಂದವರು ಶೇ. 12 ಮಾತ್ರ. ಬೈಬಲ್ಲೇ ಅಂತಿಮ ಅನ್ನೋ ಪಂಗಡದವರು ತಾವೇ ತಮ್ಮ ಬಾಯಲ್ಲಿ ಹೇಳಿದ ಅಂಕಿ ಇದು, ನಂಗಂತೂ ಇಡೀ ವಿಷಯದಲ್ಲಿ ಇದಕ್ಕಿಂತ ದೊಡ್ಡ ಅಂಕಿ ಇಲ್ಲ. ಮೇಲಿನವರು ಹೇಳೋದಕ್ಕೂ ಕೆಳಗಿನವರು ಕೇಳೋದಕ್ಕೂ ಇರೋ ಅಂತರ ಬೇರೆ ಕಡೆನೂ ಹಿಂಗೇ ಇದೆ. ಸದರ್ನ್ ಬ್ಯಾಪ್ಟಿಸ್ಟರ ಸಮಾವೇಶ 2011ರಲ್ಲೇ ದಾಖಲೆ ಇಲ್ಲದ ವಲಸಿಗರಿಗೆ ಕಾನೂನುಬದ್ಧ ಆಗೋಕೆ ದಾರಿ ಬೇಕು ಅಂತ ನಿರ್ಣಯ ಮಾಡಿತ್ತು. ಕ್ಯಾಥೊಲಿಕ್ ಬಿಷಪ್ಪರು ಹತ್ತಾರು ವರ್ಷದಿಂದ ಅದನ್ನೇ ಹೇಳ್ತಿದಾರೆ, 2025ರ ನವೆಂಬರಲ್ಲಿ ಬಾಲ್ಟಿಮೋರಲ್ಲಿ ಕೂತು ಸಿಕ್ಕಸಿಕ್ಕವರನ್ನ ಸಾಮೂಹಿಕವಾಗಿ ಗಡೀಪಾರು ಮಾಡೋದಕ್ಕೆ ನಮ್ಮ ವಿರೋಧ ಇದೆ ಅಂತ ವಿಶೇಷ ಸಂದೇಶವನ್ನೇ ಹೊರಡಿಸಿದ್ರು. ಅದೇ ವರ್ಷದ ಶುರುವಿನಲ್ಲಿ ಉಪಾಧ್ಯಕ್ಷ ವ್ಯಾನ್ಸ್, ಅವರೂ ಕ್ಯಾಥೊಲಿಕ್ಕೇ, ಮೊದಲು ಮನೆ, ಆಮೇಲೆ ನೆರೆಹೊರೆ, ಆಮೇಲೆ ದೇಶ, ಕೊನೆಗೆ ಜಗತ್ತು, ಪ್ರೀತಿಗೂ ಒಂದು ಕ್ರಮ ಇದೆ ಅಂತ ಹಳೇ ಧರ್ಮಶಾಸ್ತ್ರದ ಮಾತು ತೆಗೆದ್ರೆ, ಫೆಬ್ರವರಿ 10ಕ್ಕೆ ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪ್ಪರಿಗೆ ಪತ್ರ ಬರೆದು, ಪ್ರೀತಿಯ ಕ್ರಮ ತಿಳೀಬೇಕಾದ್ರೆ ಒಳ್ಳೆಯ ಸಮಾರ್ಯದವನ ಕಥೆ, ಅಂದ್ರೆ ದಾರೀಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನ್ನ ಹೊರಗಿನವನೊಬ್ಬ ಎತ್ತಿ ಆರೈಕೆ ಮಾಡಿದ ಬೈಬಲ್ ಕಥೆ, ನೋಡಿ ಅಂದ್ರು, ವ್ಯಾನ್ಸ್ ಹೆಸರು ಎತ್ತಲಿಲ್ಲ ಆದ್ರೆ ಯಾರಿಗೆ ಹೇಳಿದ್ದು ಅಂತ ಎಲ್ಲರಿಗೂ ಗೊತ್ತಾಯ್ತು. ಚರ್ಚಿನ ಬೆಂಚಲ್ಲಿ ಕೂತ ಬಿಳಿಯ ಕ್ಯಾಥೊಲಿಕ್ಕರಲ್ಲಿ ಹೆಚ್ಚಿನವರು ಮಾತ್ರ ಆ ಪತ್ರಕ್ಕೆ ಮೂರು ತಿಂಗಳ ಹಿಂದಷ್ಟೇ ಟ್ರಂಪ್‌ಗೆ ವೋಟ್ ಹಾಕಿ ಬಂದಿದ್ರು.

ಇಷ್ಟು ಹೇಳಿದ್ದಕ್ಕೆ "ಹಂಗಾದ್ರೆ ಧರ್ಮಕ್ಕೂ ಇದಕ್ಕೂ ಸಂಬಂಧನೇ ಇಲ್ವಾ ಮಾಮ?" ಅಂತ ಅವಳು. ಇದೆ ಪುಟ್ಟಿ, ಆದ್ರೆ ಧರ್ಮ ಅಂತ ನೀನು ಯಾವುದನ್ನ ಅಳೀತಿದೀಯಾ?

ಧರ್ಮವನ್ನ ಅಧ್ಯಯನ ಮಾಡೋ ಸಮಾಜಶಾಸ್ತ್ರದವರು ಅದನ್ನ ಮೂರು ಭಾಗ ಮಾಡ್ತಾರೆ. ಏನನ್ನ ನಂಬ್ತೀಯಾ, ಏನು ಮಾಡ್ತೀಯಾ, ಯಾರ ಪೈಕಿ ಅಂತ ಹೇಳ್ಕೋತೀಯಾ. ನಂಬಿಕೆ, ಆಚರಣೆ, ಗುರುತು. ಒಬ್ಬನಲ್ಲೇ ಈ ಮೂರೂ ಬೇರೆ ಬೇರೆ ಕಡೆ ಎಳೀಬಹುದು, ಸರ್ವೇ ಟೇಬಲ್ಲಲ್ಲಿ ಸಾಮಾನ್ಯವಾಗಿ ಕಾಣೋದು ಮೂರನೇದು ಮಾತ್ರ, ಯಾಕಂದ್ರೆ ಅದನ್ನ ಕೇಳೋದು ಸುಲಭ, ಒಂದು ಟಿಕ್ ಸಾಕು.

ಎರಡನೇದನ್ನ ಕೇಳೋದು ಎಷ್ಟು ಕಷ್ಟ ಅಂತ ಹೇಳ್ತೀನಿ ಕೇಳಿ, ನಂಗೆ ಬಹಳ ಇಷ್ಟವಾದ ಕಥೆ ಇದು. 1990ರ ದಶಕದ ಶುರುವಿನಲ್ಲಿ ಹ್ಯಾಡವೇ, ಮಾರ್ಲರ್, ಚೇವ್ಸ್ ಅಂತ ಮೂರು ಜನ ಸಂಶೋಧಕರಿಗೆ ಒಂದು ಅನುಮಾನ ಬಂತು. ಹೋದ ವಾರ ಚರ್ಚಿಗೆ ಹೋಗಿದ್ರಾ ಅಂತ ಕೇಳಿದ್ರೆ ದಶಕಗಳಿಂದ ಅಮೆರಿಕದಲ್ಲಿ ಶೇ. 40ರ ಹತ್ತಿರ ಹೂಂ ಅಂತಾರೆ, ಅಷ್ಟು ಜನ ನಿಜಕ್ಕೂ ಹೋದ್ರೆ ಚರ್ಚುಗಳು ಯಾಕೆ ಖಾಲಿ ಹೊಡೀತಿವೆ? ಒಹಾಯೋ ರಾಜ್ಯದ ಆಶ್ಟಬ್ಯುಲಾ ಅನ್ನೋ ಒಂದು ಕೌಂಟಿ, ನಮ್ಮ ಲೆಕ್ಕದಲ್ಲಿ ಒಂದು ತಾಲೂಕು ಅನ್ನಿ, ಅದನ್ನ ಹಿಡ್ಕೊಂಡ್ರು. ಫೋನ್ ಡೈರೆಕ್ಟರಿಯಲ್ಲಿ ಇಲ್ಲದ ಚರ್ಚುಗಳೂ ತಪ್ಪಿ ಹೋಗಬಾರದು ಅಂತ ರಸ್ತೆ ರಸ್ತೆ ಓಡಾಡಿ ಹುಡುಕಿದ್ರು, ಹಾಜರಿ ಲೆಕ್ಕ ಸಿಕ್ಕ ಕಡೆ ತಗೊಂಡ್ರು, ಸಿಗದ ಕಡೆ ಭಾನುವಾರ ಹೋಗಿ ಪಾರ್ಕಿಂಗಲ್ಲಿ ನಿಂತ ಕಾರು ಎಣಿಸಿದ್ರು. ಫೋನಲ್ಲಿ ಕೇಳಿದಾಗ ಪ್ರೊಟೆಸ್ಟೆಂಟರಲ್ಲಿ ಸುಮಾರು ಶೇ. 36 ಜನ ಹೋದ ವಾರ ಹೋಗಿದ್ವಿ ಅಂದಿದ್ರು, ಎಣಿಸಿದಾಗ ಸಿಕ್ಕಿದ್ದು ಶೇ. 20. 1993ರಲ್ಲಿ ಇದು ಪ್ರಿಂಟ್ ಆದಾಗ ದೊಡ್ಡ ಗದ್ದಲ ಆಯ್ತು. ಜನ ಬೇಕು ಅಂತ ಸುಳ್ಳು ಹೇಳ್ತಾರೆ ಅಂತಲ್ಲ, ನೀನು ಚರ್ಚಿಗೆ ಹೋಗೋ ಪೈಕಿನಾ ಅಂತ ಕೇಳಿದ ಹಾಗೆ ಅವರ ಕಿವಿಗೆ ಬೀಳುತ್ತೆ, ಹೂಂ ಅಂತಾರೆ. ಹಲ್ಲುಜ್ಜೋ ಪೇಸ್ಟಿನ ಸರ್ವೇಲಿ ದಿನಕ್ಕೆ ಎರಡು ಸಲ ಉಜ್ತೀವಿ ಅನ್ನೋರನ್ನ ನಾನು ಇಡೀ ಜೀವನ ನೋಡಿದೀನಿ, ಅಷ್ಟೂ ಜನ ಉಜ್ಜಿದ್ರೆ ಪೇಸ್ಟ್ ಎರಡು ಪಟ್ಟು ಮಾರಾಟ ಆಗಬೇಕಿತ್ತು.

ಈಗ ಮೂರನೇದು, ಗುರುತು. ನಾವು ಅಂದ್ಕೊಳ್ಳೋದು ಮೊದಲು ಧರ್ಮ, ಅದರಿಂದ ಪಾರ್ಟಿ, ಅದರಿಂದ ವಲಸೆ ಬಗ್ಗೆ ಅಭಿಪ್ರಾಯ ಅಂತ. ಬಾಣ ಉಲ್ಟಾ ಕೂಡ ಓಡುತ್ತೆ. ಪ್ಯೂದವರು ಅದೇ ಜನರನ್ನ 2016ರಲ್ಲೂ 2020ರಲ್ಲೂ ಕೇಳಿದ್ರು. 2016ರಲ್ಲಿ ನಾನು ಎವಾಂಜೆಲಿಕಲ್ ಅಲ್ಲ ಅಂದಿದ್ದ ಬಿಳಿಯರಲ್ಲಿ, ಟ್ರಂಪ್ ಬಗ್ಗೆ ಒಲವಿದ್ದವರ ಪೈಕಿ ಶೇ. 16 ಜನ ನಾಲ್ಕು ವರ್ಷದಲ್ಲಿ ಎವಾಂಜೆಲಿಕಲ್ ಆಗಿಬಿಟ್ಟಿದ್ರು, ಒಲವಿಲ್ಲದವರ ಪೈಕಿ ಶೇ. 1. ಆ ಲೇಬಲ್ ಅರ್ಧ ಧರ್ಮ ಅರ್ಧ ಪಾರ್ಟಿ ಆಗೋಗಿದೆ ಅಂತ ಇದನ್ನ ನಾನು ಓದ್ತೀನಿ. ಎದುರು ದಿಕ್ಕಲ್ಲೂ ಇದೇ ನಡೆದಿದೆ: ಯಾವ ಧರ್ಮನೂ ಇಲ್ಲ ಅನ್ನೋರು 1990ರ ದಶಕ ಒಂದರಲ್ಲೇ ಶೇ. 7ರಿಂದ 14ಕ್ಕೆ ಏರಿದ್ದು ಯಾಕೆ ಅಂತ ಹೌಟ್, ಫಿಷರ್ ಅನ್ನೋ ಸಮಾಜಶಾಸ್ತ್ರಜ್ಞರು ಹುಡುಕಿದಾಗ, ದೇವರನ್ನ ಬಿಟ್ಟವರಿಗಿಂತ ಬಲಪಂಥದ ರಾಜಕೀಯಕ್ಕೆ ಬೇಸತ್ತು ಲೇಬಲ್ ಬಿಟ್ಟವರೇ ಕಂಡ್ರು. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ಮಿಶೆಲ್ ಮಾರ್ಗೊಲಿಸ್ ಇದಕ್ಕೆ ವಯಸ್ಸಿನ ಲೆಕ್ಕ ಸೇರಿಸಿದಾರೆ. ಹದಿಹರೆಯ ದಾಟಿದ ಮೇಲೆ ಹುಡುಗರು ಚರ್ಚಿಂದ ದೂರ ಆಗ್ತಾರೆ, ಪಾರ್ಟಿ ಯಾವುದು ಅಂತ ಗಟ್ಟಿಯಾಗೋದೂ ಅದೇ ವಯಸ್ಸಲ್ಲಿ, ಆಮೇಲೆ ಮದುವೆ ಮಕ್ಕಳು ಆದಾಗ ಚರ್ಚಿಗೆ ವಾಪಸ್ ಬರೋರು ಜಾಸ್ತಿ ರಿಪಬ್ಲಿಕನ್ನರು, ಡೆಮಾಕ್ರಾಟರು ಹೊರಗೇ ಉಳೀತಾರೆ. ಈ ಥರ ಸೋಸಿ ಬಂದ ಗುಂಪನ್ನ ಹಿಡ್ಕೊಂಡು ನೋಡಿ ಧರ್ಮ ಇವರನ್ನ ಹೀಗೆ ಮಾಡಿದೆ ಅಂದ್ರೆ ಹೆಂಗೆ?

ಪಾರ್ಟಿಗಳಾದ್ರೂ ಮೊದಲಿಂದ ಹೀಗೇ ಇದ್ವಾ ಅಂದ್ರೆ ಇಲ್ಲ. 1986ರಲ್ಲಿ ಸುಮಾರು 27 ಲಕ್ಷ ದಾಖಲೆ ಇಲ್ಲದವರಿಗೆ ಕಾಗದ ಸಿಗೋ ಹಾಗೆ ಮಾಡಿದ ಕಾನೂನಿಗೆ ಸಹಿ ಹಾಕಿದ್ದು ರಿಪಬ್ಲಿಕನ್ ರೇಗನ್, 1996ರಲ್ಲಿ ಗಡೀಪಾರು ಬಿಗಿ ಮಾಡಿದ ಕಾನೂನಿಗೆ ಸಹಿ ಹಾಕಿದ್ದು ಡೆಮಾಕ್ರಾಟ್ ಕ್ಲಿಂಟನ್. ವಲಸಿಗರಿಂದ ದೇಶ ಬಲವಾಗುತ್ತಾ ಇಲ್ಲ ಹೊರೆಯಾ ಅಂತ ಪ್ಯೂ 1994ರಲ್ಲಿ ಕೇಳಿದಾಗ ಬಲ ಅಂದವರು ಡೆಮಾಕ್ರಾಟರಲ್ಲಿ ಶೇ. 32, ರಿಪಬ್ಲಿಕನ್ನರಲ್ಲಿ ಶೇ. 30, ವ್ಯತ್ಯಾಸನೇ ಇಲ್ಲ ಅನ್ನಬಹುದು. 2019ಕ್ಕೆ ಬಂದ್ರೆ ಶೇ. 83 ಮತ್ತೆ ಶೇ. 38. ಈ 25 ವರ್ಷದಲ್ಲಿ ಬೈಬಲ್ಲಿನ ಒಂದಕ್ಷರ ಬದಲಾಗಿಲ್ಲ. ಇನ್ನೂ ತಮಾಷೆ ಬೇಕು ಅಂದ್ರೆ ಗ್ಯಾಲಪ್ ಅನ್ನೋ ಸಂಸ್ಥೆಯ ಸರ್ವೇ ನೋಡಿ, ವಲಸೆ ಕಮ್ಮಿ ಆಗಬೇಕು ಅನ್ನೋ ರಿಪಬ್ಲಿಕನ್ನರು 2024ರಲ್ಲಿ ಶೇ. 88 ಇದ್ದೋರು 2025ರಲ್ಲಿ ಶೇ. 48ಕ್ಕೆ ಇಳಿದ್ರು, ಅಷ್ಟರಲ್ಲಿ ತಮ್ಮವರೇ ವೈಟ್ ಹೌಸಿಗೆ ಬಂದಿದ್ರು, ಗಡಿ ದಾಟೋರ ಸಂಖ್ಯೆನೂ ಕುಸಿದಿತ್ತು. ಒಂದು ವರ್ಷದಲ್ಲಿ ಯಾರ ಭಕ್ತಿಯೂ ಹಿಂಗೆ ಅರ್ಧಕ್ಕೆ ಇಳಿಯಲ್ಲ.

ಸ್ವಲ್ಪ ಹಿಂದಕ್ಕೆ ಹೋದ್ರೆ ಧರ್ಮದ ಜಗಳ ಬೇರೆನೇ ಇತ್ತು, ಆಗ ಹೆದರಿಕೆ ಇದ್ದದ್ದು ಕ್ಯಾಥೊಲಿಕ್ಕರದ್ದು. 1834ರಲ್ಲಿ ಬಾಸ್ಟನ್ ಪಕ್ಕದ ಚಾರ್ಲ್ಸ್‌ಟೌನಲ್ಲಿ ಸನ್ಯಾಸಿನಿಯರ ಮಠಕ್ಕೇ ಬೆಂಕಿ ಹಚ್ಚಿದ್ರು. 1844ರಲ್ಲಿ ಫಿಲಡೆಲ್ಫಿಯಾದ ಶಾಲೆಗಳಲ್ಲಿ ಪ್ರೊಟೆಸ್ಟೆಂಟರದ್ದೋ ಕ್ಯಾಥೊಲಿಕ್ಕರದ್ದೋ, ಯಾವ ಬೈಬಲ್ ಓದಿಸಬೇಕು ಅಂತ ಶುರುವಾದ ಜಗಳ ಐರಿಶ್ ವಲಸಿಗರ ಚರ್ಚು ಮನೆ ಸುಡೋವರೆಗೂ ಹೋಯ್ತು. 1850ರ ದಶಕದಲ್ಲಿ ನೋ-ನಥಿಂಗ್ ಅಂತ ಕರೆಸ್ಕೊಂಡ ಪಾರ್ಟಿಯೇ ಹುಟ್ಟಿತ್ತು, ವಲಸಿಗರೆಲ್ಲ ಪೋಪನ ಏಜೆಂಟರು ಅನ್ನೋದೇ ಅವರ ಭಾಷಣ. ಆ ಐರಿಶ್, ಇಟಾಲಿಯನ್ ಮನೆತನಗಳ ಮೊಮ್ಮಕ್ಕಳಲ್ಲಿ ಎಷ್ಟೋ ಜನ ಇವತ್ತು ಅದೇ ಪ್ರೊಟೆಸ್ಟೆಂಟರ ಪಕ್ಕ ನಿಂತು ಹೊಸಬರು ಬೇಡ ಅಂತಾರೆ, ಆ ಹೊಸಬರಲ್ಲಿ ಬಹಳ ಜನ ಮೆಕ್ಸಿಕೊ, ಗ್ವಾಟೆಮಾಲಾದ ಕ್ಯಾಥೊಲಿಕ್ಕರೇ. ಎವಾಂಜೆಲಿಕಲ್ ಒಕ್ಕೂಟ, ಕ್ಯಾಥೊಲಿಕ್ ಬಿಷಪ್ಪರು ಸೇರಿ 2025ರಲ್ಲಿ ಹೊರತಂದ ಒಂದು ವರದಿ ಪ್ರಕಾರ ಗಡೀಪಾರಿನ ಭಯದಲ್ಲಿರೋರಲ್ಲಿ ಐದರಲ್ಲಿ ನಾಲ್ಕು ಜನ ಕ್ರೈಸ್ತರು.

ಅಂದ್ಮೇಲೆ ಧರ್ಮದ ಒಳಗೆ ನಿಜವಾಗಿ ಕೆಲಸ ಮಾಡ್ತಿರೋದು ಯಾವುದು? ಆಂಡ್ರ್ಯೂ ವೈಟ್‌ಹೆಡ್, ಸ್ಯಾಮುಯೆಲ್ ಪೆರಿ ಅನ್ನೋ ಇಬ್ಬರು ಆರು ವಾಕ್ಯಗಳ ಒಂದು ಅಳತೆಗೋಲು ಇಟ್ಕೊಂಡು ಹೊರಟ್ರು. ಸರ್ಕಾರ ಅಮೆರಿಕವನ್ನ ಕ್ರೈಸ್ತ ದೇಶ ಅಂತ ಘೋಷಿಸಬೇಕು, ಸರ್ಕಾರಿ ಶಾಲೆಗಳಲ್ಲಿ ಪ್ರಾರ್ಥನೆಗೆ ಅವಕಾಶ ಬೇಕು, ಅಮೆರಿಕದ ಏಳಿಗೆ ದೇವರ ಯೋಜನೆಯ ಭಾಗ, ಈ ಥರದವು, ಒಪ್ತೀರಾ ಇಲ್ವಾ ಅಂತ. ಇದಕ್ಕೆ ಕ್ರಿಶ್ಚಿಯನ್ ನ್ಯಾಷನಲಿಸಂ ಅಂತಾರೆ. ಇದರಲ್ಲಿ ಸ್ಕೋರ್ ಜಾಸ್ತಿ ಬಂದಷ್ಟೂ ವಲಸಿಗರ ಮೇಲೆ, ಮುಸ್ಲಿಮರ ಮೇಲೆ ಅನುಮಾನ ಜಾಸ್ತಿ. ಆದ್ರೆ ಒಂದೇ ಸ್ಕೋರ್ ಇರೋ ಇಬ್ಬರನ್ನ ಪಕ್ಕ ಪಕ್ಕ ಇಟ್ಟು, ಇವರಲ್ಲಿ ಚರ್ಚಿಗೆ ಹೋಗೋದು, ಪ್ರಾರ್ಥನೆ, ಬೈಬಲ್ ಓದೋದು ಯಾರಿಗೆ ಜಾಸ್ತಿ ಅಂತ ನೋಡಿದ್ರೆ, ಎಷ್ಟೋ ಪ್ರಶ್ನೆಗಳಲ್ಲಿ ಆಚರಣೆ ಉಲ್ಟಾ ದಿಕ್ಕಿಗೆ ಎಳೆಯುತ್ತೆ, ಹೆಚ್ಚು ಹೋಗೋನು ಸ್ವಲ್ಪ ಮೆತ್ತಗೆ. ಈ ಎರಡನ್ನ ಬೇರೆ ಮಾಡದೆ ಒಟ್ಟಿಗೆ ಭಕ್ತಿ ಅಂತ ಕಟ್ಟಿಟ್ರೆ ಒಂದು ಇನ್ನೊಂದನ್ನ ನುಂಗಿಹಾಕುತ್ತೆ. ಈ ಅಳತೆಗೋಲಿಗೆ ಟೀಕೆಗಳೂ ಇವೆ, ಶಾಲೆಯಲ್ಲಿ ಪ್ರಾರ್ಥನೆ ಇರಲಿ ಅನ್ನೋ ಅಜ್ಜಿಯನ್ನೂ ದೇಶವೇ ನಮ್ಮದು ಅನ್ನೋನನ್ನೂ ಒಂದೇ ತಕ್ಕಡಿಗೆ ಹಾಕುತ್ತೆ ಅಂತ, ಅದು ನಿಜ ಅಂತಲೇ ನಂಗೂ ಅನ್ಸುತ್ತೆ, ಆದ್ರೂ ಎರಡನ್ನ ಬಿಡಿಸಿ ನೋಡಿದ್ದು ದೊಡ್ಡ ಕೆಲಸ.

ಇನ್ನು ಪ್ರಶ್ನೆ ಕೇಳೋ ಕಲೆ. ವಲಸಿಗರು ಬೇಡ ಅಂತ ಮುಖಕ್ಕೆ ಹೇಳೋಕೆ ಎಷ್ಟೋ ಜನಕ್ಕೆ ಮುಜುಗರ. ಅದಕ್ಕೆ ಲಿಸ್ಟ್ ಎಕ್ಸ್‌ಪೆರಿಮೆಂಟ್ ಅಂತ ಒಂದು ಉಪಾಯ ಇದೆ. ಅರ್ಧ ಜನಕ್ಕೆ ಮೂರು ಸಾಧಾರಣ ವಾಕ್ಯ ಕೊಡ್ತಾರೆ, ಇನ್ನರ್ಧಕ್ಕೆ ಅವೇ ಮೂರರ ಜೊತೆ ವಲಸೆ ನಿಲ್ಲಿಸಬೇಕು ಅನ್ನೋ ನಾಲ್ಕನೇದು. ಯಾವುದು ಒಪ್ತೀರಿ ಅಂತ ಹೇಳಬೇಡಿ, ಎಷ್ಟು ಒಪ್ತೀರಿ ಅಂತ ಸಂಖ್ಯೆ ಮಾತ್ರ ಹೇಳಿ ಅಂತಾರೆ. ಮೊದಲ ಗುಂಪಿನ ಸರಾಸರಿ 1.8, ಎರಡನೇದರದ್ದು 2.3 ಬಂತು ಅಂತಿಟ್ಕೊಳಿ, ಆ 0.5 ಇದೆಯಲ್ಲ, ಅಂದ್ರೆ ನೂರಕ್ಕೆ ಐವತ್ತು ಜನ ಗುಟ್ಟಾಗಿ ನಾಲ್ಕನೇದನ್ನ ಒಪ್ಪಿದಾರೆ ಅಂತ. ಯಾರು ಅಂತ ಮಾತ್ರ ಯಾರಿಗೂ ಗೊತ್ತಾಗಲ್ಲ.

ಇನ್ನೊಂದು ಇದಕ್ಕಿಂತ ಚೆಂದ. ಹೈನ್‌ಮ್ಯುಲರ್ ಮತ್ತೆ ಹಾಪ್ಕಿನ್ಸ್ ಅನ್ನೋರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರ್ ಸ್ಕ್ರೀನ್ ಮೇಲೆ ಇಬ್ಬರು ವಲಸಿಗರ ವಿವರ ಅಕ್ಕಪಕ್ಕ ಬರುತ್ತೆ, ನೀವೇ ಇಮಿಗ್ರೇಷನ್ ಆಫೀಸರ್ ಅಂತ ತಿಳ್ಕೊಂಡು ಒಬ್ಬರನ್ನ ಆರಿಸಬೇಕು. ದೇಶ, ಓದು, ಇಂಗ್ಲಿಷ್ ಬರುತ್ತಾ, ಕೆಲಸ ಏನು, ಕೆಲಸ ಗ್ಯಾರಂಟಿ ಆಗಿದೆಯಾ, ಹಿಂದೆ ಪರ್ಮಿಷನ್ ಇಲ್ಲದೆ ಒಳಗೆ ನುಗ್ಗಿದ್ರಾ, ಎಲ್ಲಾನೂ ಇಸ್ಪೀಟು ಕಲಸಿದ ಹಾಗೆ ಕಲಸಿ ಕೊಟ್ಟಿರ್ತಾರೆ, ಹಾಗಾಗಿ ಯಾವ ಒಂದು ವಿವರಕ್ಕೆ ಎಷ್ಟು ತೂಕ ಅಂತ ಲೆಕ್ಕ ಹಾಕಬಹುದು. ಬಂದ ಫಲಿತಾಂಶ ನೋಡಿದ್ರೆ, ಟಿವಿಯಲ್ಲಿ ಕಚ್ಚಾಡೋ ಎರಡೂ ಪಾರ್ಟಿಯವರು ಆರಿಸಿದ್ದು ಹೆಚ್ಚುಕಮ್ಮಿ ಒಂದೇ ಥರದೋರನ್ನ: ಓದಿದವರು, ಇಂಗ್ಲಿಷ್ ಬರೋರು, ಒಳ್ಳೇ ಕೆಲಸ ಇರೋರು. ಕೆಲಸ ಹುಡುಕೋ ಯೋಚನೆನೇ ಇಲ್ಲದವರು, ಕದ್ದು ಬಂದಿದ್ದವರು, ಇರಾಕಿನವರು ಹಿಂದೆ ಬಿದ್ರು. ಆ ವಿವರಗಳಲ್ಲಿ ವಲಸಿಗನ ಧರ್ಮ ಅನ್ನೋ ಸಾಲೇ ಇರಲಿಲ್ಲ ಅನ್ನೋದನ್ನ ಗಮನಿಸಿ. ಯುರೋಪಲ್ಲಿ 15 ದೇಶದ 18,000 ಜನರ ಮೇಲೆ ಇದೇ ಥರದ್ದು ಮಾಡಿ 2016ರಲ್ಲಿ ಪ್ರಕಟಿಸಿದಾಗ ಧರ್ಮದ ಸಾಲು ಸೇರಿಸಿದ್ರು, ಅಲ್ಲಿ ಮುಸ್ಲಿಂ ಅಂತ ಇದ್ದ ಕೂಡಲೇ ಆಯ್ಕೆ ಕಮ್ಮಿ ಆಯ್ತು. ಅಂದ್ರೆ ಉತ್ತರ ಕೊಡೋನ ಧರ್ಮ ಎಷ್ಟು ಮುಖ್ಯನೋ, ಅವನ ತಲೇಲಿರೋ ವಲಸಿಗನ ಧರ್ಮನೂ ಅಷ್ಟೇ ಮುಖ್ಯ.

ಇಲ್ಲಿ ನಮ್ಮವರ ವಿಷಯ ಬಂದೇ ಬರುತ್ತೆ. 1923ರಲ್ಲಿ ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡಿದ್ದ ಭಗತ್ ಸಿಂಗ್ ಥಿಂಡ್ ಅನ್ನೋ ಸಿಖ್ ಪೌರತ್ವಕ್ಕೆ ಹೋರಾಡಿದಾಗ ಸುಪ್ರೀಂ ಕೋರ್ಟ್ ನೀನು ಬಿಳಿಯ ಅಲ್ಲ ಅಂತ ಕಳಿಸ್ತು, ಆ ತೀರ್ಪಲ್ಲಿ ಅವರನ್ನ ಕರೆದಿರೋದು ಹಿಂದೂ ಅಂತಲೇ, ಆಗ ಅಲ್ಲಿ ಇಂಡಿಯಾದಿಂದ ಹೋದವರೆಲ್ಲ ಹಿಂದೂನೇ, ಪೇಟ ಕಂಡ್ರೂ ಅಷ್ಟೇ. 1946ರಲ್ಲಿ ವರ್ಷಕ್ಕೆ 100 ಭಾರತೀಯರು ಬರಬಹುದು ಅಂತ ಆಯ್ತು, 1965ರ ಕಾನೂನು ಬಂದಮೇಲೆ ತಾನೇ ಬಾಗಿಲು ನಿಜವಾಗಿ ತೆರೆದಿದ್ದು, ನಮ್ಮ ಕನ್ನಡ ಕೂಟಗಳೆಲ್ಲ ಆ ಬಾಗಿಲಿಂದ ಹೋದವರದ್ದೇ. ಈಗ ಟೆಕ್ಸಸ್‌ನ ಶುಗರ್ ಲ್ಯಾಂಡಲ್ಲಿ 2024ರ ಆಗಸ್ಟಲ್ಲಿ 90 ಅಡಿ ಹನುಮಂತ ಎದ್ದು ನಿಂತಾಗ ದೇವಸ್ಥಾನಕ್ಕೇ ಬಂದು ಪ್ರತಿಭಟಿಸಿದ್ರು, ಮುಂದಿನ ವರ್ಷ ಒಬ್ಬ ಸೆನೆಟ್ ಆಕಾಂಕ್ಷಿ ಇದು ಕ್ರೈಸ್ತ ದೇಶ, ಸುಳ್ಳು ದೇವರ ಮೂರ್ತಿ ಯಾಕೆ ಅಂತ ಬರೆದು ಸುದ್ದಿಯಾದ. ಓದು, ಇಂಗ್ಲಿಷ್, ಕೆಲಸ ಎಲ್ಲದರಲ್ಲೂ ಫುಲ್ ಮಾರ್ಕ್ಸ್ ಇರೋರು ಧರ್ಮ ಅನ್ನೋ ಆ ಒಂದು ಸಾಲಲ್ಲಿ ಸಿಕ್ಕಾಕೊಂಡ್ರು. ಹಾಗಂತ ಅಲ್ಲಿನ ಹಿಂದೂಗಳು ವಲಸೆ ಬಗ್ಗೆ ಏನಂತಾರೆ ಅಂತ ಸರ್ವೇಲಿ ನೋಡೋಣ ಅಂದ್ರೆ, ಅವರು ಜನಸಂಖ್ಯೆಯ ಶೇ. 1ರ ಹತ್ತಿರ, ಸಾವಿರ ಜನರ ಸರ್ವೇಲಿ ಹತ್ತು ಜನ ಸಿಗ್ತಾರೆ, ಹತ್ತು ಜನರನ್ನ ಇಟ್ಕೊಂಡು ಶೇಕಡಾ ಹಾಕಿದ್ರೆ ನಂಗೆ ಬಿಪಿ ಏರುತ್ತೆ.

ಇಷ್ಟೆಲ್ಲ ಆದ್ಮೇಲೆ ಅವಳು ಪೇಪರಿನ ಪ್ರಶ್ನೆಯನ್ನೇ ಬದಲಾಯಿಸಿದಾಳೆ, ಪಾರ್ಟಿ ಒಂದೇ ಇರೋರ ಒಳಗೆ ಚರ್ಚಿಗೆ ಹೋಗೋನಿಗೂ ಹೋಗದವನಿಗೂ ಏನು ವ್ಯತ್ಯಾಸ ಅಂತ ಮಾತ್ರ ನೋಡೋದು, ಅದಕ್ಕೆ ಬೇಕಾದ ಡೇಟಾ ಶಿಕಾಗೋ ಯೂನಿವರ್ಸಿಟಿಯವರು 1972ರಿಂದ ನಡೆಸ್ತಿರೋ ಜನರಲ್ ಸೋಷಿಯಲ್ ಸರ್ವೇಲಿ ಬಿಟ್ಟಿಯಾಗಿ ಬಿದ್ದಿದೆ. ಜೊತೆಗೆ ಅವಳ ಕಾಲೇಜ್ ಹತ್ತಿರದ ಒಂದು ಬ್ಯಾಪ್ಟಿಸ್ಟ್ ಚರ್ಚಲ್ಲಿ ಬುಧವಾರ ಸಂಜೆ ನಿರಾಶ್ರಿತರಿಗೆ ಇಂಗ್ಲಿಷ್ ಪಾಠ ನಡೆಯುತ್ತೆ ಅಂತ ಗೊತ್ತಾಗಿ ನೋಡೋಕೆ ಹೋಗಿದ್ಲು. ಪಾಠ ಹೇಳ್ತಿದ್ದೋರು ಎಪ್ಪತ್ತು ದಾಟಿದ ಒಬ್ಬ ತಾತ, ಕಾಂಗೋದಿಂದ ಬಂದ ಒಬ್ಬ ಹೆಂಗಸಿಗೆ ಬಸ್ ಟೈಂಟೇಬಲ್ ಓದೋದು ಹೇಳ್ಕೊಡ್ತಿದ್ರಂತೆ, ಮುಗಿದಮೇಲೆ ಅವರ ಕಾರಲ್ಲೇ ಆಕೆಯನ್ನ ಮನೆಗೆ ಬಿಡೋಕೆ ಹೊರಟ್ರಂತೆ, ಕಾರಿನ ಹಿಂದೆ ಟ್ರಂಪ್ ಸ್ಟಿಕ್ಕರ್. ಗಡಿ ಬಗ್ಗೆ ಕೇಳಿದ್ದಕ್ಕೆ ಎಲ್ಲರನ್ನೂ ವಾಪಸ್ ಕಳಿಸಬೇಕು ಅಂದ್ರಂತೆ. ಮತ್ತೆ ಈ ಹೆಂಗಸು ಅಂತ ನಮ್ಮ ಹುಡುಗಿ ಕೇಳಿದ್ದಕ್ಕೆ, "ಇವಳು ನಮ್ಮ ಚರ್ಚಿನವಳು" ಅಂದ್ರಂತೆ.

ರಾತ್ರಿ ಫೋನಲ್ಲಿ ಅವಳ ಪ್ರಶ್ನೆ ಒಂದೇ, "ಈ ತಾತನ್ನ ಯಾವ ಕಾಲಂಗೆ ಹಾಕಲಿ ಮಾಮ?"